ಚರ್ಮದ ಚೀಲದ ಮೇಲಿನ ಮಣಿಹೂವು ಎಷ್ಟು ಹಳೆಯದು?

ಜಿಂಕೆ ಚರ್ಮದ ಚೀಲ, ಅದರ ಮೇಲೆ ಗಾಜಿನ ಮಣಿಗಳ ಹೂಬಳ್ಳಿ. ಕೊಲಂಬಸ್ ಬರುವ ಮೊದಲೇ ಅಮೆರಿಕದ ಮೂಲನಿವಾಸಿಗಳು ಮಾಡಿದ್ದು ಎಂಬ ಒಕ್ಕಣೆಯೊಂದಿಗೆ ಇಂಥ ಚಿತ್ರಗಳು ಆಗಾಗ ಫಾರ್ವರ್ಡ್ ಆಗುತ್ತವೆ. ಹಂಚುವವರದು ಮೆಚ್ಚುಗೆಯೇ, ಆದರೆ ಕಾಲ ತಪ್ಪಾಗಿದೆ.

ಸಾಸಿವೆಯಷ್ಟು ಸಣ್ಣ ಆ ಗಾಜಿನ ಮಣಿಗಳು ಕೊಲಂಬಸ್ ಬಂದ ನಂತರ, ತುಪ್ಪಳದ ವ್ಯಾಪಾರದ ಜೊತೆ ಯುರೋಪಿನ ವೆನಿಸ್, ಬೊಹೀಮಿಯಾಗಳಿಂದ ಬಂದವು. ಅದಕ್ಕೂ ಮೊದಲು ಅಲ್ಲಿನ ಹೆಂಗಸರು ಮುಳ್ಳುಹಂದಿಯ ಮುಳ್ಳಿಗೆ ಬಣ್ಣ ಹಾಕಿ, ನೆನೆಸಿ, ಚಪ್ಪಟೆ ಮಾಡಿ ಚರ್ಮಕ್ಕೆ ಹೊಲಿಯುತ್ತಿದ್ದರು. ಚಿಪ್ಪು, ಮೂಳೆ, ಬೀಜದ ಮಣಿಗಳೂ ಇದ್ದವು. ಗಾಜು ಹೊರಗಿನದಾದರೂ ಕೈಚಳಕ ಅವರದೇ. ಬ್ಯಾಡಗಿ ಮೆಣಸಿನಕಾಯಿಯ ಮೂಲವೂ ಅಮೆರಿಕ. ಹಾಗೆಂದು ಅದು ನಮ್ಮದಲ್ಲವೇ?

19ನೇ ಶತಮಾನದ ಮೆಟಿ ಜನರ (ಕೆನಡಾ ಕಡೆಯ, ಮೂಲನಿವಾಸಿ ಮತ್ತು ಯುರೋಪಿಯನ್ ಮಿಶ್ರ ಮೂಲದ ಸಮುದಾಯ) ಹೂಕೆಲಸಕ್ಕೆ ಎರಡು ಸೂಜಿ ಬಳಸುತ್ತಿದ್ದರು. ಒಂದರ ದಾರದಲ್ಲಿ ಮಣಿ ಪೋಣಿಸಿ, ಇನ್ನೊಂದರಿಂದ ಎರಡು ಮೂರು ಮಣಿಗೊಮ್ಮೆ ಹೊಲಿದು ಕೂರಿಸುವುದು. ದಂಟು ಬಾಗಿದತ್ತ ಸಾಲೂ ಬಾಗುತ್ತದೆ.

ಪರೀಕ್ಷಿಸಬೇಕೆಂದರೆ ಚಿತ್ರವನ್ನು ಗೂಗಲ್ ಲೆನ್ಸ್‌ಗೆ ಹಾಕಿ. ಮ್ಯೂಸಿಯಂನ ದಾಖಲೆ ಸಿಕ್ಕರೆ, ತಯಾರಾದ ಕಾಲವನ್ನೂ ಸಂಗ್ರಹಕ್ಕೆ ಬಂದ ವರ್ಷವನ್ನೂ ಬೇರೆಬೇರೆಯಾಗಿ ಓದಿಕೊಳ್ಳಿ. ‘ಸಂಗ್ರಾಹಕ’ ಎಂಬಲ್ಲಿ ವ್ಯಾಪಾರಿಯೋ ಸೇನಾಧಿಕಾರಿಯೋ ಇರಬಹುದು. ಇಂಥ ಚೀಲಗಳಲ್ಲಿ ಕೆಲವು ಮಾರಿದವು, ಕೆಲವು ಉಡುಗೊರೆ, ಕೆಲವು ಕಿತ್ತುಕೊಂಡವು. ಹೊಲಿದವಳ ಹೆಸರಿನ ಜಾಗ ಮಾತ್ರ ಹೆಚ್ಚಾಗಿ ಖಾಲಿ.