ಚಂದ್ರವಳ್ಳಿ ಬಂಡೆಯ ಮೂರು ಸಾಲು

ಹೋದ ಭಾನುವಾರ ಅಣ್ಣನ ಮಗಳನ್ನು ನಮ್ಮ ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಗೆ ಕರೆದುಕೊಂಡು ಹೋಗಿದ್ದೆ. ಅಂಕಲಿ ಮಠದ ಗವಿ ಹೊಕ್ಕು ಬಂದು, ಭೈರವೇಶ್ವರ ಗುಡಿ ಹತ್ತಿರದ ಬಂಡೆ ಮುಂದೆ ನಿಂತೆವು. 'ಚಿಕ್ಕಪ್ಪಾ, ಇಲ್ಲೇನಿದೆ? ಬರೀ ಗೀರು' ಅಂದಳು.

ಮೂರು ಸಾಲಿನ ಹಳೇ ಶಾಸನದ ಸವೆದ ಅಕ್ಷರಗಳು, ನಿಜ. ಬಗ್ಗಿ, ಕಣ್ಣು ಕಿರಿದು ಮಾಡಿ ಹುಡುಕಬೇಕು. ಮೊದಲ ಅಕ್ಷರ ಕ. ಹಳೇ ಲಿಪಿಯಾದ ಬ್ರಾಹ್ಮಿಯ ಕ ನೋಡೋಕೆ ಲೆಕ್ಕದ ಕೂಡಿಸುವ ಗುರುತಿನ ಹಾಗೆ. ನಾವು ಇವತ್ತು ಬರೆಯುವ ಕ ಕೂಡ ಅದೇ ಬಳ್ಳಿಯದು. ಅಲ್ಲಿಂದ 'ಕದಂಬರ' ಅಂತ ಶುರುವಾಗಿ ಮಯೂರಶರ್ಮನ ಹೆಸರು ಬರುತ್ತದೆ. ಭಾಷೆ ಪ್ರಾಕೃತ, ಕಾಲ 4ನೇ ಶತಮಾನ. ಕನ್ನಡಿಗರ ಮೊದಲ ರಾಜಮನೆತನ ಅಂತ ಹೆಸರಾದ ಕದಂಬರ ದೊರೆ ಹೇಳಿಕೊಂಡಿದ್ದೇನು ಗೊತ್ತಾ? ಇಲ್ಲಿ ಕೆರೆ ಕಟ್ಟಿಸಿದೆ ಅಂತ! ಪಲ್ಲವ, ಆಭೀರ, ಪುನ್ನಾಟ ಅಂತ ಗೆದ್ದ ನಾಡುಗಳ ಪಟ್ಟಿಯೂ ಇದೆ. ಆ ಪಟ್ಟಿಯ ಓದಿನ ಬಗ್ಗೆ ವಿದ್ವಾಂಸರು ಜಗಳ ಆಡಿದ್ದಾರೆ. ನನಗೆ ಮುಖ್ಯ ಆ ಕೆರೆ.

1929ರಲ್ಲಿ ಇಲ್ಲಿ ಅಗೆಸಿದ ಪುರಾತತ್ವ ವಿದ್ವಾಂಸ ಎಂ. ಎಚ್. ಕೃಷ್ಣ ಅವರೇ ಈ ಶಾಸನವನ್ನು ಬೆಳಕಿಗೆ ತಂದವರು. 1947ರಲ್ಲಿ ಇಂಗ್ಲಿಷ್ ಪುರಾತತ್ವಜ್ಞ ವೀಲರ್ ಬಂದು ಅಗೆಸಿದರು. ಶಾತವಾಹನರ ನಾಣ್ಯ, ರೋಮಿನ ನಾಣ್ಯ ಎಲ್ಲಾ ಇದೇ ಮಣ್ಣಲ್ಲಿ ಸಿಕ್ಕಿವೆ.

ನಮ್ಮದು ಮಳೆ ಕಮ್ಮಿಯ ಸೀಮೆ. ಕೋಟೆ ಕಟ್ಟಿದವರಿಗೂ ಅದು ಗೊತ್ತಿತ್ತು. ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ ನೀರು ಇಳಿಯುವ ಹಾಗೆ ಮಾಡಿದ್ದರು. ಮಯೂರಶರ್ಮನಿಂದ ದುರ್ಗ ಆಳಿದ ಪಾಳೆಯಗಾರ ನಾಯಕರವರೆಗೆ ಈ ಊರನ್ನು ಬದುಕಿಸಿದ್ದು ನೀರು ಹಿಡಿದಿಟ್ಟ ಬುದ್ಧಿ. ಆದರೆ ನಾವು ಮಕ್ಕಳಿಗೆ ಹೇಳುವುದೆಲ್ಲ ಯುದ್ಧದ ಕತೆಯೇ. ಓಬವ್ವನ ಕಿಂಡಿ ಮುಂದೆ ಫೋಟೋ ತೆಗೆಸಿಕೊಳ್ಳೋಣ, ಖಂಡಿತ. ಆ ತಾಯಿ ಅದಕ್ಕೆ ತಕ್ಕವಳೇ. ಆದರೆ ಕಿಂಡಿಯ ಕತೆಯಲ್ಲೂ ಅವಳು ಹೋಗಿದ್ದು ನೀರು ತರೋಕೆ ಅಲ್ವಾ?

ಗಣಪತಿ ಬಿಡೋಕೆ ನಾವೆಲ್ಲ ಚಂದ್ರವಳ್ಳಿಗೆ ಹೋಗುತ್ತೇವೆ. ಈ ಬಂಡೆ ಹತ್ತಿರ ಎಷ್ಟು ಜನ ನಿಲ್ಲುತ್ತೇವೆ? ಸುತ್ತಲಿನ ಬಂಡೆಗಳ ಮೇಲೆ ಹೆಸರು ಗೀಚುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಸವೆದು ಹೋದ ಅಕ್ಷರವನ್ನು ಯಾರೂ ತಂದುಕೊಡೋಕೆ ಆಗಲ್ಲ.

ನಾನು ಕೇಳುವುದು ಇಷ್ಟೇ. ಆ ಮೂರು ಸಾಲನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಕಲ್ಲಿಗೆ ಕೆತ್ತಿಸಿ ಸಂತೆ ಹೊಂಡದ ಹತ್ತಿರ ನಿಲ್ಲಿಸಿ. ಸಂತೆಗೆ ಬಂದವರು, ಶಾಲೆಗೆ ಹೋಗುವವರು ದಿನಾ ಓದಲಿ.

ಮನೆಗೆ ಬಂದ ಮೇಲೆ ಹುಡುಗಿ ನೋಟ್‌ಬುಕ್ಕಿನ ಮೂಲೆಯಲ್ಲಿ ಆ ಹಳೇ ಕ ಬರೆದು, ಪಕ್ಕದಲ್ಲಿ ತನ್ನ ಕ ಬರೆದಿದ್ದಳು.