ವಕೀಲರ ಫೀಸು ಯಾರ ದುಡ್ಡು?

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತ ನಮ್ಮಜ್ಜ ಹೇಳುತ್ತಿದ್ದರು. ಗದ್ದೆ ಬದುವಿನ ತಕರಾರಿಗೆ ವರ್ಷಗಟ್ಟಲೆ ಅಲೆದವರು, ಹೇಳುವ ಹಕ್ಕಿತ್ತು. ನಾನೀಗ ಇರೋದು ಅಮೆರಿಕದ ಓಹಾಯೋದಲ್ಲಿ. ಅಂಗವೈಕಲ್ಯದ ಪಿಂಚಣಿ ಕೇಸು ನಡೆಸುವ ಪುಟ್ಟ ವಕೀಲರ ಆಫೀಸಿನಲ್ಲಿ ಗಂಟೆ ಲೆಕ್ಕ ಬರೆಯೋದು ನನ್ನ ಕೆಲಸ. "ಸರ್ಕಾರದ ದುಡ್ಡಲ್ಲಿ ವಕೀಲರನ್ನು ಯಾಕೆ ಸಾಕಬೇಕು?" ಅಂತ ಮೊನ್ನೆ ಗೆಳತಿಯೊಬ್ಬಳು ಕೇಳಿದಳು. ಅವಳಿಗೆ ಅಲ್ಲೇ ಸರಿಯಾಗಿ ಹೇಳಲಾಗಲಿಲ್ಲ, ಅದಕ್ಕೇ ಈ ಬರಹ.

ಬೆನ್ನುಮೂಳೆ ಹೋಗಿ ಕೆಲಸ ಬಿಟ್ಟವನು ಸೋಷಿಯಲ್ ಸೆಕ್ಯುರಿಟಿಗೆ, ಅಂದರೆ ಪಿಂಚಣಿ ಕೊಡುವ ಸರ್ಕಾರಿ ಇಲಾಖೆಗೆ, ಅರ್ಜಿ ಹಾಕುತ್ತಾನೆ. ತಿರಸ್ಕಾರ. ಮರುಪರಿಶೀಲನೆ, ಇಲಾಖೆಯದೇ ನ್ಯಾಯಾಧೀಶರ ಮುಂದೆ ವಿಚಾರಣೆ, ಅಪೀಲ್ಸ್ ಕೌನ್ಸಿಲ್ ಅನ್ನೋ ಇಲಾಖೆಯದೇ ಮೇಲ್ಮನವಿ ಮಂಡಳಿ, ಎಲ್ಲಾ ಮುಗಿದ ಮೇಲೆ ಫೆಡರಲ್ (ಕೇಂದ್ರದ) ಕೋರ್ಟು. ಅಷ್ಟರಲ್ಲಿ ಉಳಿತಾಯವೆಲ್ಲ ಕರಗಿರುತ್ತದೆ. ವಕೀಲರಿಗೆ ಕೊಡಲು ಏನಿರುತ್ತದೆ?

ಇದಕ್ಕೇ 1980ರಲ್ಲಿ ಈಕ್ವಲ್ ಆಕ್ಸೆಸ್ ಟು ಜಸ್ಟಿಸ್ ಆಕ್ಟ್ ಅನ್ನೋ ಕಾನೂನು ಬಂತು. ನಾವು ಚಿಕ್ಕದಾಗಿ ಈಜಾ ಅನ್ನುತ್ತೇವೆ. (ನನಗೆ ಮಾತ್ರ ಪ್ರತಿಸಲ ನಮ್ಮೂರ ಕೆರೆ ನೆನಪಾಗುತ್ತದೆ.) ಸರ್ಕಾರದ ವಿರುದ್ಧ ಗೆದ್ದರೆ ಗೆದ್ದವನ ವಕೀಲರ ಫೀಸನ್ನು ಸರ್ಕಾರವೇ ಕೊಡಬೇಕು. ತನ್ನ ನಿಲುವಿಗೆ ತಕ್ಕ ಆಧಾರವಿತ್ತು ಅಂತ ತೋರಿಸಿದರೆ ತಪ್ಪಿಸಿಕೊಳ್ಳಬಹುದು, ಆದರೆ ತೋರಿಸುವ ಹೊಣೆ ಸರ್ಕಾರದ್ದೇ. ಕೋರ್ಟು ಪಿಂಚಣಿ ಕೊಡಿಸದೆ, "ತೀರ್ಪು ತಪ್ಪಿದೆ, ಮತ್ತೆ ನೋಡಿ" ಅಂತ ವಾಪಸು ಕಳಿಸಿದರೂ ಅದು ಗೆಲುವೇ ಅಂತ 1993ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ದರ 1996ರಿಂದ ಗಂಟೆಗೆ 125 ಡಾಲರಿನಲ್ಲೇ ಕೂತಿದೆ. ಬೆಲೆಯೇರಿಕೆಗೆ ತಕ್ಕಷ್ಟು ಕೇಳಿ ಪಡೆಯಬಹುದು. ಹಾಗಾಗಿ ಪ್ರತಿ ಅರ್ಜಿಗೂ ಬೆಲೆ ಸೂಚ್ಯಂಕ ಹುಡುಕಿ ಗುಣಾಕಾರ ಮಾಡೋದೂ ನನ್ನ ಪಾಲಿಗೇ.

ಗೆಳತಿಗೆ ಗೊತ್ತಿಲ್ಲದ್ದು ಮುಂದಿನ ಲೆಕ್ಕ. ಕೊನೆಗೆ ಪಿಂಚಣಿ ಮಂಜೂರಾಗಿ ಬಾಕಿ 40,000 ಡಾಲರ್ ಬಂತು ಅನ್ನಿ. ಫೆಡರಲ್ ಕೋರ್ಟಿನ ಕೆಲಸಕ್ಕೆ ಅದರಲ್ಲಿ ಗರಿಷ್ಠ 25 ಪರ್ಸೆಂಟ್, ಅಂದರೆ 10,000 ಡಾಲರನ್ನು, ವಕೀಲರಿಗೆ ಕೋರ್ಟು ಕೊಡಿಸಬಹುದು. ಈಜಾದಿಂದ ಮೊದಲೇ 6,000 ಬಂದಿದ್ದರೆ? ಎರಡನ್ನೂ ಇಟ್ಟುಕೊಳ್ಳುವಂತಿಲ್ಲ, ಚಿಕ್ಕದನ್ನು ಕಕ್ಷಿದಾರನಿಗೆ ಹಿಂದಿರುಗಿಸಬೇಕು. ಆ 6,000 ಕೊನೆಗೆ ಸೇರೋದು ಕೈಲಾಗದವನ ಜೇಬಿಗೇ. ವಕೀಲರನ್ನು ಸಾಕಿದ್ದು ಎಲ್ಲಿ ಬಂತು?

ನನಗೆ ಸಿಟ್ಟಿರೋದು ಸುಪ್ರೀಂ ಕೋರ್ಟಿನ 2010ರ ರ‍್ಯಾಟ್ಲಿಫ್ ತೀರ್ಪಿನ ಮೇಲೆ. ಈಜಾ ಹಣ ವಕೀಲರದ್ದಲ್ಲ, ಕಕ್ಷಿದಾರನದ್ದು, ಆದ್ದರಿಂದ ಅವನು ಸರ್ಕಾರಕ್ಕೆ ಕೊಡಬೇಕಾದ ಹಳೇ ಸಾಲಕ್ಕೆ ಮುರಿದುಕೊಳ್ಳಬಹುದು ಅಂತ ಒಂಬತ್ತೂ ನ್ಯಾಯಮೂರ್ತಿಗಳು ಒಪ್ಪಿದರು. ಕಾನೂನಿನ ಅಕ್ಷರ ಹಾಗೇ ಇದೆ, ಅಲ್ಲಗಳೆಯಲಾರೆ. ಆದರೆ ವರ್ಷಗಟ್ಟಲೆ ಪಿಂಚಣಿ ತಡೆದು ಮನುಷ್ಯನನ್ನು ಸಾಲಕ್ಕೆ ನೂಕಿದ ಸರ್ಕಾರವೇ, ತನ್ನ ತಪ್ಪಿಗೆ ಕೊಟ್ಟ ಹಣವನ್ನು ಅದೇ ಸಾಲದ ಹೆಸರಲ್ಲಿ ವಾಪಸು ಎಳೆದುಕೊಳ್ಳೋದು ಯಾವ ಲೆಕ್ಕ? ವಾಪಸು ಕಳಿಸಿದ ಕೇಸಿನಲ್ಲಿ ಮತ್ತೆ ಪಿಂಚಣಿ ಸಿಗದಿದ್ದರೆ ಕೋರ್ಟಿನ ಕೆಲಸಕ್ಕೆ ವಕೀಲರ ಕೈಗೆ ಬರೋದು ಈಜಾ ಹಣ ಮಾತ್ರ. ಅದೂ ಸಾಲಕ್ಕೆ ಹೋದರೆ ಸೊನ್ನೆ. ಈಜಾ ಹಣವನ್ನು ಸಾಲಕ್ಕೆ ಮುರಿದುಕೊಳ್ಳದಂತೆ ಕಾನೂನಿನ ತಿದ್ದುಪಡಿಯನ್ನು ಕಾಂಗ್ರೆಸ್ಸೇ, ಅಂದರೆ ಅಮೆರಿಕದ ಸಂಸತ್ತೇ, ಮಾಡಬೇಕು.

ಈಗ ನಮ್ಮ ಆಫೀಸಿಗೆ ಯಾರು ಬಂದರೂ, ನೋವು ಎಲ್ಲಿದೆ ಅಂತ ಕೇಳಿದ ಬೆನ್ನಿಗೇ ನಾನು ಕೇಳುವ ಪ್ರಶ್ನೆ, "ಸರ್ಕಾರದ ಸಾಲ ಏನಾದರೂ ಇದೆಯಾ?" ಹೋದವಾರ ಊರುಗೋಲು ಹಿಡಿದು ಬಂದವರೊಬ್ಬರು ಕಾಲೇಜಿನ ಸಾಲದ ಮಾತು ತೆಗೆದು ತಲೆ ತಗ್ಗಿಸಿದರು. ಕೇಸು ತೆಗೆದುಕೊಂಡೆವು.