ನನ್ನ ಜಿಲೇಬಿ, ಭಾಮೈದನ ಪುಣ್ಯ

ಮೂರು ದಿನ ಆಯಿತು, ಮನೆಯಲ್ಲಿ ಇನ್ನೂ ಆ ಮಸಾಲೆಯ ವಾಸನೆ ಹೋಗಿಲ್ಲ. ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಚೂರು ಮೆಂತ್ಯ ಹುರಿದು, ಕಾಯಿ ಹಾಕಿ ರುಬ್ಬಿದ ಮೀನು ಸಾರಿನ ಮಸಾಲೆ. ಸಾರೂ ಆಯಿತು, ಮುದ್ದೆಯೂ ಆಯಿತು, ತಟ್ಟೆಯೂ ಬಂತು. ಮೀನು ಮಾತ್ರ ಬರಲಿಲ್ಲ. ಅದರ ಜಾಗದಲ್ಲಿ ಆಲೂಗಡ್ಡೆ ತೇಲುತ್ತಿತ್ತು. ಹಾಸನದಲ್ಲಿ ಹುಟ್ಟಿ ಆಲೂಗಡ್ಡೆಯನ್ನು ಬೈಯಬಾರದು, ಆದರೂ ಹೇಳುತ್ತೇನೆ, ಹುಣಸೆಹುಳಿಯಲ್ಲಿ ಬೆಂದ ಆಲೂಗಡ್ಡೆಯಷ್ಟು ಬೇಜಾರಿನ ವಸ್ತು ಇನ್ನೊಂದಿಲ್ಲ.

ಇದಕ್ಕೆಲ್ಲ ಕಾರಣ ನನ್ನ ಭಾಮೈದ. ಟೆಕ್ಸಾಸ್‌ನಲ್ಲಿ ಇದ್ದಾನೆ. ಮೂರು ವಾರದ ರಜೆಗೆ ಬಂದಿದ್ದಾನೆ. ಅಲ್ಲಿ ಅವನಿಗೆ ಬ್ಯಾಸ್ ಅನ್ನುವ ಮೀನಿನ ಹುಚ್ಚು. ದೊಡ್ಡ ಬಾಯಿಯ, ಹಸಿರು ಮೈಯ ಮೀನು. ಅದಕ್ಕೆ ಅಂತಲೇ ದೋಣಿ, ಅದಕ್ಕೆ ಅಂತಲೇ ಟೋಪಿ, ಅದಕ್ಕೆ ಅಂತಲೇ ರಬ್ಬರಿನ ಎರೆಹುಳ. ಹೌದು, ರಬ್ಬರಿನದು. ನಾನು ತಿಪ್ಪೆ ಕೆದಕಿ ಹಾರ್ಲಿಕ್ಸ್ ಬಾಟಲಿಯಲ್ಲಿ ಜೀವಂತ ಎರೆಹುಳ ತುಂಬಿಸುತ್ತಿದ್ದರೆ ಅವನು ಪೆನ್ಸಿಲ್ ಬಾಕ್ಸಿನಂಥ ಡಬ್ಬಿ ತೆಗೆದು, ನೇರಳೆ ಬಣ್ಣದ ಹುಳ ತೋರಿಸಿ, "ಭಾವ, ಇದಕ್ಕೆ ಬೆಳ್ಳುಳ್ಳಿ ವಾಸನೆ ಹಾಕಿರ್ತಾರೆ" ಅಂದ. ಮೀನಿಗೆ ಮೊದಲೇ ಒಗ್ಗರಣೆ ತೋರಿಸುವ ದೇಶ ಅದು. ಆದರೂ ತಿನ್ನುವುದಿಲ್ಲ. ಹಿಡಿಯುತ್ತಾರೆ, ಫೋಟೋ ತೆಗೆಯುತ್ತಾರೆ, ಬಿಡುತ್ತಾರೆ. ಇಷ್ಟಕ್ಕೆ ಬೆಳಗಿನ ಜಾವ ನಾಲ್ಕಕ್ಕೆ ಏಳುತ್ತಾರಂತೆ.

ಭಾನುವಾರ ಅವನನ್ನು ಆಲೂರು ಕಡೆ ನನ್ನ ಗೆಳೆಯನ ತೋಟದ ಕೆರೆಗೆ ಕರೆದುಕೊಂಡು ಹೋದೆ. ಕೆರೆ ಅಂದರೆ ದೊಡ್ಡದೇನಲ್ಲ, ಕಾಫಿಗೆ ನೀರು ಹೊಡೆಯಲು ಮಾಡಿಕೊಂಡಿದ್ದು. ಅದರ ತುಂಬ ಜಿಲೇಬಿ ಮೀನು, ಅಂದರೆ ತಿಲಾಪಿಯಾ. ಯಾರು ಬಿಟ್ಟರೋ ಗೊತ್ತಿಲ್ಲ, ಈಗ ನೀರಿಗಿಂತ ಅದೇ ಜಾಸ್ತಿ. ಅಂಗೈ ಅಗಲ ಆಗುವಷ್ಟರಲ್ಲಿ ಮರಿ ಮಾಡುತ್ತದೆ, ಮರಿಯನ್ನು ಬಾಯೊಳಗೆ ಇಟ್ಟುಕೊಂಡು ಕಾಯುತ್ತದೆ, ಒಂದೂ ಸಾಯುವುದಿಲ್ಲ, ಒಂದೂ ಬೆಳೆಯುವುದಿಲ್ಲ. ಗೆಳೆಯ ಪ್ರತಿ ಸಲವೂ, "ಎಷ್ಟು ಬೇಕೋ ಹಿಡ್ಕೊಂಡು ಹೋಗೋ ಮಾರಾಯ, ನಂಗೆ ಪುಣ್ಯ ಬರುತ್ತೆ" ಅನ್ನುತ್ತಾನೆ. ಅವನ ಲೆಕ್ಕದಲ್ಲಿ ಹಿಡಿಯುವುದು ಪುಣ್ಯ. ಭಾಮೈದನ ಲೆಕ್ಕದಲ್ಲಿ ಬಿಡುವುದು ಪುಣ್ಯ. ಇಬ್ಬರ ನಡುವೆ ನಾನು, ಬಿದಿರಿನ ಕೋಲು ಹಿಡಿದುಕೊಂಡು.

ಭಾಮೈದನ ರಬ್ಬರ್ ಹುಳಕ್ಕೆ ಮೊದಲ ಒಂದು ಗಂಟೆಯಲ್ಲಿ ಸಿಕ್ಕಿದ್ದು ಒಂದು ಸಿಲ್ವರ್ ಮರದ ಕೊಂಬೆ, ಒಂದು ಗೊಬ್ಬರದ ಚೀಲ, ನನ್ನ ಟವಲ್. ನನ್ನ ಎರೆಹುಳಕ್ಕೆ ಚಿಕ್ಕಚಿಕ್ಕವು ಬರುತ್ತಿದ್ದವು. ಏಳೂವರೆ ಇರಬಹುದು, ಬೆಂಡು ಒಂದು ಸಲ ಅಲುಗಿ, ಮಲಗಿ, ಸೀದಾ ಒಳಗೆ ಹೋಯಿತು. ಎಳೆದೆ. ಕೋಲು ಬಾಗಿತು. ಜಿಲೇಬಿಯೇ, ಆದರೆ ಎಂಥದ್ದು! ಮುಕ್ಕಾಲು ಕೆಜಿಗೆ ಕಡಿಮೆ ಇಲ್ಲ. ಎಂಟು ವರ್ಷದಿಂದ ಆ ಕೆರೆಗೆ ಹೋಗುತ್ತಿದ್ದೇನೆ, ಅಂಥದ್ದು ಒಂದೂ ಕಂಡಿರಲಿಲ್ಲ. ಬಕೆಟ್ಟಿಗೆ ಹಾಕಿದೆ. ಬಕೆಟ್ಟಿನಲ್ಲಿ ತಿರುಗಲು ಜಾಗ ಸಾಲದೆ ಅದು ಸಿಟಿ ಬಸ್ಸಿನಲ್ಲಿ ನಿಂತವರ ಹಾಗೆ ಒಂದೇ ಕಡೆ ಮುಖ ಮಾಡಿಕೊಂಡು ನಿಂತಿತು.

ನಾನು ಮಾಡಿದ ತಪ್ಪು ಒಂದೇ. ಹೆಂಡತಿಗೆ ಹೇಳಬೇಕು ಅನ್ನಿಸಿತು. ಕೆರೆ ಹತ್ತಿರ ಸಿಗ್ನಲ್ ಇಲ್ಲ, ಏರಿ ಹತ್ತಿ ಆ ತುದಿಗೆ ಹೋಗಬೇಕು. ಹೋದೆ.

"ಸಿಕ್ತೇನ್ರೀ?"

"ಸಿಕ್ತು. ದೊಡ್ದು."

"ಮಸಾಲೆ ರುಬ್ಲಾ?"

"ರುಬ್ಬು."

ಆ "ರುಬ್ಬು" ಅನ್ನುವಾಗ ನನ್ನ ದನಿಯಲ್ಲಿದ್ದ ಗತ್ತು, ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ಬಂದಿರಲಿಲ್ಲ.

ಫೋನ್ ಇಟ್ಟು ತಿರುಗಿ ನೋಡುತ್ತೇನೆ, ಭಾಮೈದ ಬಕೆಟ್ಟಿನ ಮುಂದೆ ಮಂಡಿಯೂರಿ ಕೂತಿದ್ದಾನೆ. ಮೊದಲು ಎರಡೂ ಕೈಯನ್ನು ಕೆರೆ ನೀರಿನಲ್ಲಿ ಅದ್ದಿದ. ಒಣಗಿದ ಕೈಯಲ್ಲಿ ಮುಟ್ಟಿದರೆ ಮೀನಿನ ಮೈಮೇಲಿನ ಲೋಳೆ ಹೋಗುತ್ತದೆ, ಲೋಳೆ ಹೋದರೆ ರೋಗ ಬರುತ್ತದೆ ಅಂತ ಅವನೇ ಆಮೇಲೆ ವಿವರಿಸಿದ. ಇರಬಹುದು. ಇನ್ನು ನಾಲ್ಕು ಗಂಟೆಯಲ್ಲಿ ಕುದಿಯಬೇಕಾದ ಮೀನಿಗೆ ಯಾವ ರೋಗ ಬಂದರೇನು? ಆಮೇಲೆ ಅದನ್ನು ಎತ್ತಿದ. ತುಟಿ ಹಿಡಿದು ನೇತಾಡಿಸಬಾರದಂತೆ, ದೊಡ್ಡ ಮೀನಾದರೆ ದವಡೆಗೆ ಪೆಟ್ಟಾಗುತ್ತದಂತೆ, ಹೊಟ್ಟೆ ಕೆಳಗೆ ಕೈ ಕೊಟ್ಟು ಅಡ್ಡಡ್ಡ ಹಿಡಿಯಬೇಕಂತೆ. ಹಾಗೆಯೇ ಹಿಡಿದ. ನನ್ನ ಮಗಳು ಹುಟ್ಟಿದಾಗ ಇವನೇ ಎತ್ತಿಕೊಳ್ಳಲು ಹೆದರಿ ಕೈ ಕಟ್ಟಿಕೊಂಡು ದೂರ ನಿಂತಿದ್ದ.

ಫೋಟೋ ಶುರುವಾಯಿತು. ಒಂದು ಕೈಯಲ್ಲಿ ಮೀನು, ಒಂದು ಕೈಯಲ್ಲಿ ಫೋನು. ಬಲಗಡೆಯಿಂದ ಒಂದು, ಎಡಗಡೆಯಿಂದ ಒಂದು, ಕನ್ನಡಕ ತೆಗೆದು ಒಂದು, ಹಾಕಿ ಒಂದು. ಕೊನೆಗೆ, ನಾನು ಸುಳ್ಳು ಹೇಳುತ್ತಿಲ್ಲ, ಅದರ ತಲೆಗೆ ಒಂದು ಮುತ್ತು ಕೊಟ್ಟ. ಆಗ ನನಗೆ ಅಪಾಯ ಗೊತ್ತಾಯಿತು. ತಿನ್ನುವ ಪದಾರ್ಥಕ್ಕೆ ಯಾರೂ ಮುತ್ತು ಕೊಡುವುದಿಲ್ಲ ಅಲ್ವಾ?

"ಏಯ್! ಬಕೆಟ್ಟಿಗೆ ಹಾಕೋ!" ಅಂತ ಏರಿ ಮೇಲಿಂದಲೇ ಕೂಗಿದೆ. ಅವನಿಗೆ ಕೇಳಿಸಿದ್ದು ಏನೋ, ನನ್ನ ಕಡೆ ಹೆಬ್ಬೆರಳು ಎತ್ತಿ ತೋರಿಸಿದ. ಮೀನನ್ನು ನೀರಿಗಿಳಿಸಿ, ಬಿಡದೆ, ಒಂದು ಕೈಯಲ್ಲಿ ಇನ್ನೂ ಫೋಟೋ ತೆಗೆಯುತ್ತಲೇ, ಮುಂದಕ್ಕೆ ಹಿಂದಕ್ಕೆ ಮೆಲ್ಲಗೆ ಆಡಿಸತೊಡಗಿದ. ಅದಕ್ಕೆ ಉಸಿರು ತಿರುಗಲಿ ಅಂತ. ನಾನು ಓಡಿದೆ. ಏರಿಯ ಇಳಿಜಾರಿನಲ್ಲಿ ಹುಲ್ಲು ಇಬ್ಬನಿಗೆ ನೆನೆದಿತ್ತು. ಅರ್ಧ ದಾರಿ ಕಾಲಿನಲ್ಲಿ, ಉಳಿದರ್ಧ ಕೂತುಕೊಂಡೇ ಬಂದೆ. ಬಂದವನು ದಡದಲ್ಲಿ ನಿಲ್ಲಲಿಲ್ಲ, ಮೊಣಕಾಲುದ್ದ ಕೆಸರಿನಲ್ಲಿ ನಿಂತೆ. ಮೀನು ಇನ್ನೂ ಅವನ ಅಂಗೈ ನಡುವೆಯೇ ಇತ್ತು. ಪಾಪ, ಅದಕ್ಕೂ ಏನಾಗುತ್ತಿದೆ ಅಂತ ಅರ್ಥವಾಗಿರಲಿಲ್ಲ. ಕೈ ಚಾಚಿದೆ. "ಹೋಗು ಮಗಾ, ಹೋಗು" ಅಂದ ಭಾಮೈದ. ಅದು ಬಾಲ ಬಡಿದು, ಅವನ ಕನ್ನಡಕಕ್ಕೆ, ನನ್ನ ಬಾಯಿಗೆ ನೀರು ಎರಚಿ ಹೋಯಿತು. ನಾನು ಮೇಲೆ ಬಂದೆ. ಎಡಗಾಲಿನ ಚಪ್ಪಲಿ ಬರಲಿಲ್ಲ.

ಬಕೆಟ್ಟಿನಲ್ಲಿದ್ದ ಚಿಕ್ಕವನ್ನಾದರೂ ಒಯ್ಯೋಣ ಅಂದರೆ, ಅವನ್ನು ಮೊದಲೇ ಬಿಟ್ಟಿದ್ದ. "ಮರಿಗಳು ಭಾವ, ಬೆಳೀಲಿ."

ನಿಜ ಹೇಳಬೇಕೆಂದರೆ ಅವನು ಮಾಡಿದ್ದು ತಿರುಗಮುರುಗ. ಆ ರಾತ್ರಿ ಆಲೂಗಡ್ಡೆ ತಿಂದು ನಿದ್ದೆ ಬಾರದೆ ನಾನೇ ಫೋನಿನಲ್ಲಿ ಹುಡುಕಿ ಓದಿದೆ. ಟೆಕ್ಸಾಸ್‌ನಲ್ಲೂ ಬ್ಯಾಸ್ ತಿನ್ನಬಾರದು ಅಂತ ಕಾನೂನಿಲ್ಲ. ಸಾಮಾನ್ಯವಾಗಿ ದಿನಕ್ಕೆ 5, ಒಂದೊಂದೂ 14 ಇಂಚಿಗೆ ಕಡಿಮೆ ಇರಬಾರದು, ಅಷ್ಟೇ. ಈ ಹಿಡಿದು ಬಿಡುವ ಚಾಳಿ ಜೋರಾಗಿದ್ದು ರೇ ಸ್ಕಾಟ್ ಅನ್ನುವವರಿಂದ. ಬ್ಯಾಸ್ ಹಿಡಿಯುವ ಪಂದ್ಯಗಳನ್ನು ನಡೆಸುತ್ತಿದ್ದವರು. 1972ರಲ್ಲಿ, ಹಿಡಿದದ್ದನ್ನು ಕೊಲ್ಲಬೇಡಿ ಅಂತ ಪಂದ್ಯದಲ್ಲೇ ಶುರು ಮಾಡಿದರು. ಅದಕ್ಕೆ ಮುಂಚೆ ಸತ್ತ ಮೀನನ್ನೇ ಹುರಿಗೆ ಪೋಣಿಸಿಕೊಂಡು ತೂಕಕ್ಕೆ ತರುತ್ತಿದ್ದರು. ಒಳ್ಳೆಯ ಕೆಲಸವೇ, ನಾನು ಬೇಡ ಅನ್ನುವುದಿಲ್ಲ. ಆದರೆ ಚಿಕ್ಕ ಕೆರೆಗಳಲ್ಲಿ ಎಲ್ಲರೂ ಎಲ್ಲವನ್ನೂ ಬಿಡುತ್ತ ಹೋದರೆ ಬ್ಯಾಸ್ ಕೂಡ ಒತ್ತಾಗಿ ನೆಟ್ಟ ಆಲೂಗಡ್ಡೆ ಹಾಗೆ ಗೋಲಿ ಗಾತ್ರದಲ್ಲೇ ಉಳಿಯುತ್ತದೆ. ಚಿಕ್ಕವನ್ನು ಹಿಡಿದು ತಿನ್ನಿ ಅಂತ ಅಲ್ಲಿನ ಮೀನು ತಿಳಿದವರೇ ಹೇಳುತ್ತಾರೆ.

ಇನ್ನು ದಾಖಲೆ. ಜಾರ್ಜ್ ಪೆರ್ರಿ ಅನ್ನುವವನು 1932ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಹತ್ತು ಕೆಜಿ ಮೀರಿದ ಬ್ಯಾಸ್ ಹಿಡಿದ. ಇಂದಿಗೂ ಅದೇ ವಿಶ್ವ ದಾಖಲೆ. ತೂಕ ಮಾಡಿಸಿ, ಮನೆಗೆ ಒಯ್ದು, ಮನೆಮಂದಿಯೆಲ್ಲ ತಿಂದರು. ಆಗ ಅಲ್ಲಿ ಊಟಕ್ಕೆ ಕಷ್ಟದ ಕಾಲ. ಭಾಮೈದ ಜೊತೆಗಿರಲಿಲ್ಲ ಅಂತ ಕಾಣುತ್ತದೆ.

ಆ ದಾಖಲೆಯನ್ನು 2009ರಲ್ಲಿ ಸರಿಗಟ್ಟಿದ್ದು ಜಪಾನಿನ ಬೀವಾ ಸರೋವರದಲ್ಲಿ. ಮಜಾ ಏನು ಅಂದರೆ ಆ ಸರೋವರದಲ್ಲಿ ಹಿಡಿದ ಬ್ಯಾಸನ್ನು ವಾಪಸ್ ನೀರಿಗೆ ಬಿಡುವುದೇ ತಪ್ಪು! ಹೊರಗಿನಿಂದ ಬಂದ ಮೀನು, ಅಲ್ಲಿನ ಮೀನನ್ನೆಲ್ಲ ತಿಂದು ಹಾಕುತ್ತದೆ ಅಂತ ದಡದಲ್ಲಿ ಡಬ್ಬ ಇಟ್ಟು, ಹಿಡಿದದ್ದನ್ನು ಇದಕ್ಕೆ ಹಾಕಿ ಅನ್ನುತ್ತಾರೆ. ನಮ್ಮ ಜಿಲೇಬಿಯೂ ಅಂಥದ್ದೇ ಹೊರಗಿನ ನೆಂಟ. ಮೊಜಾಂಬಿಕ್ ಕಡೆಯದು, ಈ ದೇಶಕ್ಕೆ ಬಂದಿದ್ದು 1952ರಲ್ಲಿ, ಆಮೇಲೆ ಎದ್ದು ಹೋಗಲೇ ಇಲ್ಲ. ಅಂದರೆ ನನ್ನ ಭಾಮೈದ ಮುತ್ತು ಕೊಟ್ಟು ಬಿಟ್ಟಿದ್ದು, ಕಾಳು ತುಂಬಿಡುವ ಹಗೇವಿನಲ್ಲಿ ಸಿಕ್ಕಿದ ಹೆಗ್ಗಣವನ್ನು ಬೆನ್ನು ಸವರಿ ಹಗೇವಿಗೇ ಬಿಟ್ಟ ಹಾಗೆ. ಬೆಳಿಗ್ಗೆ ಕಾಫಿ ಜೊತೆ ಇದಿಷ್ಟನ್ನೂ ಅವನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಪಾಯಿಂಟ್ ಇದೆ ಭಾವ" ಅಂದ. ಜಗಳಕ್ಕೂ ಬರುವುದಿಲ್ಲ, ಅದೇ ಕಷ್ಟ.

ಒಂದು ಮಾತು ಮಾತ್ರ ನನ್ನನ್ನು ಬಿಡುತ್ತಿಲ್ಲ. ಕೆರೆಯಿಂದ ವಾಪಸ್ ಬರುವಾಗ, ನಾನು ಒಂದೇ ಚಪ್ಪಲಿಯಲ್ಲಿ ಸ್ಕೂಟರ್ ಓಡಿಸುತ್ತ ಮಾತು ಬಿಟ್ಟಿದ್ದೆ. ಅವನು ಹಿಂದೆ ಕೂತು ಸುಮ್ನೆ ಹೇಳುತ್ತಿದ್ದ. ಬ್ಯಾಸ್ ಮೊಟ್ಟೆ ಇಟ್ಟ ಮೇಲೆ ಗಂಡು ಮೀನು ಗೂಡು ಕಾಯುತ್ತದಂತೆ. ಹತ್ತಿರ ಏನು ಬಂದರೂ ಕಚ್ಚುತ್ತದೆ, ಅದಕ್ಕೇ ಗಾಳಕ್ಕೂ ಬೀಳುತ್ತದೆ. ಆ ಅಪ್ಪನನ್ನು ಎತ್ತಿದ ಸ್ವಲ್ಪ ಹೊತ್ತಿಗೆ ಬೇರೆ ಮೀನುಗಳು ಬಂದು ಮೊಟ್ಟೆ ಖಾಲಿ ಮಾಡುತ್ತವೆ. "ಒಂದ್ಸಲ ನೋಡ್ದೆ ಭಾವ, ಆಮೇಲೆ ತಿನ್ನೋಕೆ ಆಗ್ಲಿಲ್ಲ" ಅಂದ.

ನನಗೆ ನಮ್ಮೂರಿನ ಜೂನ್ ತಿಂಗಳು ನೆನಪಾಯಿತು. ಮೊದಲ ಜಡಿಮಳೆ ಹಿಡಿದ ರಾತ್ರಿ ಅಪ್ಪ ಕಂಬಳಿ ಕೊಪ್ಪೆ ಹಾಕಿಕೊಂಡು, ಟಾರ್ಚು ಹಿಡಿದು, ಗದ್ದೆ ಹಳ್ಳಕ್ಕೆ ಕೂಣಿ, ಅಂದರೆ ಮೀನು ಹಿಡಿಯುವ ಬುಟ್ಟಿ, ಒಡ್ಡಲು ಹೋಗುತ್ತಿದ್ದರು. ಹತ್ತುಮೀನು. ಹೊಳೆಯಿಂದ ಗದ್ದೆಗೆ ಮೊಟ್ಟೆ ಇಡಲು ಹತ್ತಿ ಬರುವ ಮೀನು. ಬೆಳಿಗ್ಗೆ ಕೂಣಿ ಸುರಿದರೆ ಅಂಗಳದ ತುಂಬ ಬೆಳ್ಳಿ. ಎಲ್ಲದರ ಹೊಟ್ಟೆಯಲ್ಲೂ ಮೊಟ್ಟೆ. ಆ ಮೊಟ್ಟೆಯನ್ನು ಅಮ್ಮ ಬಾಳೆಎಲೆಯಲ್ಲಿ ಸುತ್ತಿ ಕೆಂಡದಲ್ಲಿ ಇಡುತ್ತಿದ್ದರು. ಅದಕ್ಕೆ ನಾವು ಮಕ್ಕಳು ಹೊಡೆದಾಡುತ್ತಿದ್ದೆವು. ಬಿಡಿ ಅಂತ ಯಾರೂ ಹೇಳಲಿಲ್ಲ, ಹೇಳಿದ್ದರೆ ನಾವು ಕೇಳುತ್ತಲೂ ಇರಲಿಲ್ಲ. ಈಗ ಆ ಗದ್ದೆಯಲ್ಲಿ ಶುಂಠಿ ಇದೆ. ಹಳ್ಳಕ್ಕೆ ಅದರ ಔಷಧಿ ಇಳಿಯುತ್ತದೆ. ಅಪ್ಪನ ಕೂಣಿ ಅಟ್ಟದ ಮೇಲೆ ಇದೆ. ಹೋದ ವರ್ಷ ಜೂನ್‌ನಲ್ಲಿ ಊರಿಗೆ ಹೋದಾಗ ಟಾರ್ಚು ಹಿಡಿದು ಹಳ್ಳದ ಹತ್ತಿರ ನಿಂತಿದ್ದೆ. ನೀರು ಬರುತ್ತಿತ್ತು, ಅಷ್ಟೇ.

ಹತ್ತುಮೀನನ್ನು ಯಾರಾದರೂ ಬಿಡು ಅಂದರೆ ಈಗ ಬಿಡುತ್ತೇನೆ. ಜಿಲೇಬಿಯನ್ನು ಯಾಕೆ ಬಿಡಬೇಕು? ಅದೂ ನನ್ನ ಜಿಲೇಬಿಯನ್ನು?

ಭಾನುವಾರ ಮನೆಗೆ ಬಂದಾಗ ಬಾಗಿಲಲ್ಲೇ ಅತ್ತೆ ಪಾತ್ರೆ ಹಿಡಿದು ನಿಂತಿದ್ದರು, ಮೀನು ತೊಳೆಯಲು ಬೂದಿಯೂ ರೆಡಿ. ಹೆಂಡತಿ ಬಕೆಟ್ ಇಣುಕಿದಳು. ಕೆರೆ ನೀರು, ಎರಡು ಎಲೆ. "ಎಲ್ರೀ?" ಅಂದಳು. ನಾನು ಭಾಮೈದನ ಕಡೆ ಕೈ ತೋರಿಸಿದೆ. ಅವನು ಫೋನ್ ತೋರಿಸಿದ. ಅತ್ತೆ ಕನ್ನಡಕ ಹಾಕಿಕೊಂಡು ಫೋಟೋ ದೊಡ್ಡದು ಮಾಡಿ, "ಅಯ್ಯೋ, ಎಷ್ಟು ಚೆನ್ನಾಗಿ ಹಿಡ್ದಿದ್ದೀಯೋ ಮಗಾ!" ಅಂದರು. ಹಿಡಿದದ್ದು ನಾನು. ಆ ಫೋಟೋ ಈಗ ಅವನ ಸ್ಟೇಟಸ್ಸಿನಲ್ಲಿದೆ. ಕೆಳಗೆ ನಮ್ಮ ಜಿಲ್ಲೆಯ ಹೆಸರು, ಒಂದು ಹಸಿರು ಹೃದಯ. ಮೂಲೆಯಲ್ಲಿ, ಏರಿ ಇಳಿಜಾರಿನಲ್ಲಿ, ಕೂತುಕೊಂಡು ಜಾರಿ ಬರುತ್ತಿರುವವನು ನಾನು.

ನಾಳೆ ರಾತ್ರಿ ಅವನ ವಿಮಾನ. ಈಗ ಸೂಟ್‌ಕೇಸ್ ತುಂಬುತ್ತಿದ್ದಾರೆ. ಅಕ್ಕನ ಹತ್ತಿರ ಕೇಳಿ ಕೇಳಿ ತರಿಸಿಕೊಂಡಿದ್ದು ಅರ್ಧ ಕೆಜಿ ಒಣ ಸೀಗಡಿ. ಅಲ್ಲಿ ಇಂಥದ್ದು ಸಿಗುವುದಿಲ್ಲವಂತೆ, ಚಟ್ನಿಪುಡಿಗೆ ಬೇಕಂತೆ. ಪ್ಯಾಕ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಅರ್ಧ ಕೆಜಿ ಅಂದರೆ ಸಾವಿರ ಸೀಗಡಿಗೆ ಕಡಿಮೆ ಇರಲಿಕ್ಕಿಲ್ಲ, ಒಂದಕ್ಕೂ ಅವನು ಮುತ್ತು ಕೊಟ್ಟಿಲ್ಲ. ನಾಲ್ಕು ಕವರ್ ಸುತ್ತಿ ಟೇಪ್ ಹಾಕುತ್ತಿದ್ದೆ, ಹಿಂದಿನಿಂದ ಬಂದು ಮೂಸಿ ನೋಡಿದ.

"ಭಾವ, ಇನ್ನೊಂದು ಕವರ್ ಹಾಕಿ. ಬಟ್ಟೆಗೆಲ್ಲ ಮೀನು ವಾಸನೆ ಆಗುತ್ತೆ."